ಮಗುವಿನ ಪಾಲು: ಜೀವನಾಂಶದ ಆದೇಶದಲ್ಲಿ ಎರಡನೆಯ ಅರ್ಜಿದಾರ

ಜೀವನಾಂಶದ ಆದೇಶದ ಕೊನೆಯ ಪುಟದಲ್ಲಿ ಒಂದು ವಾಕ್ಯ ಇರುತ್ತದೆ. ಅದನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಎದುರುದಾರನು ಅರ್ಜಿದಾರರಿಗೆ ಪ್ರತಿ ತಿಂಗಳು 8,000 ರೂಪಾಯಿ ಕೊಡತಕ್ಕದ್ದು’ ಎಂಬುದು ಒಂದು ಬಗೆ. ‘ಎದುರುದಾರನು 1ನೇ ಅರ್ಜಿದಾರಳಿಗೆ 4,500 ರೂಪಾಯಿ, 2ನೇ ಅರ್ಜಿದಾರನಿಗೆ 3,500 ರೂಪಾಯಿ ಕೊಡತಕ್ಕದ್ದು’ ಎಂಬುದು ಇನ್ನೊಂದು. ಒಟ್ಟು ಮೊತ್ತ ಒಂದೇ. ಆದೇಶದ ನಕಲು ಕೈಗೆ ಬಂದ ದಿನ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡು ಮೂರು ವರ್ಷ ಕಳೆಯಬೇಕು. ವಿಚ್ಛೇದನ ಆಗಬೇಕು, ಇಲ್ಲವೇ ತಾಯಿಗೊಂದು ಕೆಲಸ ಸಿಗಬೇಕು, ಇಲ್ಲವೇ ಎರಡೂ ಕಡೆಯ ಹಿರಿಯರು ರಾಜಿಗೆ ಕೂರಬೇಕು. ಆಗ ಮೊದಲ ವಾಕ್ಯದೊಳಗೆ ಮಗು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎರಡನೆಯದರಲ್ಲಿ ಮಗುವಿಗೆ ಒಂದು ನಂಬರ್ ಇದೆ, ಅದರ ಮುಂದೆ ಒಂದು ಮೊತ್ತ ಇದೆ.

ಈ ಟಿಪ್ಪಣಿ ಆ ನಂಬರಿನ ಬಗ್ಗೆ. ಮಗುವಿನ ಜೀವನಾಂಶವನ್ನು ಗೊತ್ತುಮಾಡಿಸುವಾಗ, ಆಮೇಲೆ ಬದಲಿಸುವಾಗ, ಕೊನೆಗೆ ವಸೂಲು ಮಾಡುವಾಗ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಒಂದೇ ಕಡೆ ಹುಟ್ಟುತ್ತವೆ: ಮಗುವಿನ ಹಕ್ಕು ತಾಯಿಯ ಹಕ್ಕಿನ ಬಾಲ ಎಂದು ಬಗೆಯುವ ಅಭ್ಯಾಸದಲ್ಲಿ. ಕಾನೂನಿನ ಪಠ್ಯವೂ ಸುಪ್ರೀಂ ಕೋರ್ಟಿನ ತೀರ್ಪುಗಳೂ ಹಾಗೆ ಹೇಳಿಲ್ಲ. ಹೇಳುತ್ತಿರುವುದು ನಮ್ಮ ರೂಢಿ.

ಕನ್ನಡದಲ್ಲಿ ಮಗುವಿನ ಜೀವನಾಂಶಕ್ಕೆ ಪ್ರತ್ಯೇಕ ಹೆಸರೂ ಇಲ್ಲ. ಹಳೆ ಮೈಸೂರಿನ ಕಡೆ ‘ಜೀವನಾಂಶ’ ಎನ್ನುತ್ತಾರೆ. ಬೆಳಗಾವಿ ಕಡೆ ಮರಾಠಿಯಿಂದ ಬಂದ ‘ಪೋಟಗಿ’ ಎಂಬ ಮಾತಿದೆ, ಹೊಟ್ಟೆಪಾಡಿಗೆ ಕೊಡುವುದು ಎಂಬ ಅರ್ಥದಲ್ಲಿ. ಎರಡು ಮಾತೂ ಕೇಳಿದೊಡನೆ ಹೆಂಡತಿಯನ್ನೇ ನೆನಪಿಗೆ ತರುತ್ತವೆ. ‘ಹೆಂಡ್ತಿ ಪೋಟಗಿ ಕೇಸ್ ಹಾಕ್ಯಾಳ’ ಎಂದಾಗ ಆ ಮಾತಿನಲ್ಲಿ ಮಗು ಇರುವುದೇ ಇಲ್ಲ.

ಪಠ್ಯದಲ್ಲಿ ಮಾತ್ರ ಮಗು ಮೊದಲಿನಿಂದಲೂ ಇದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 488 ಹೆಂಡತಿಯನ್ನು ಹೆಸರಿಸಿ, ಜೊತೆಯಲ್ಲೇ ಔರಸನಾಗಲಿ ಅಲ್ಲದಿರಲಿ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವನ್ನೂ ಹೆಸರಿಸಿತ್ತು. 1973ರ ಸಂಹಿತೆಯ ಕಲಂ 125 ಅವರನ್ನು ಬೇರೆ ಬೇರೆ ಉಪಖಂಡಗಳಲ್ಲಿ ಇಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಕಲಂ 144 ಆಗಿದೆ. ವಕೀಲರ ಬಾಯಲ್ಲಿ ಇಂದಿಗೂ ಅದು ‘ಒನ್ ಟ್ವೆಂಟಿಫೈವ್’ ಕೇಸೇ.

ಕಲಂ 488ರಲ್ಲಿ ಜೀವನಾಂಶಕ್ಕೆ ಮಿತಿಯಿತ್ತು: ಮೊದಲು 50 ರೂಪಾಯಿ, 1923ರಿಂದ 100, 1955ರಿಂದ 500. 1973ರ ಸಂಹಿತೆಯೂ ‘ಒಟ್ಟಾರೆ 500’ ಎಂದೇ ಉಳಿಸಿಕೊಂಡಿತು. ಈ ‘ಒಟ್ಟಾರೆ’ ಎಂಬ ಮಾತು ಜಗಳಕ್ಕೆ ಕಾರಣವಾಯಿತು. ಹೆಂಡತಿ ಮಕ್ಕಳು ಎಲ್ಲರಿಗೂ ಸೇರಿ 500 ಮೀರಬಾರದು ಎಂದು ಗಂಡಂದಿರು ವಾದಿಸಿದರು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ಊಟ, ಬಟ್ಟೆ, ವಸತಿ ಹೀಗೆ ಒಬ್ಬರ ಎಲ್ಲ ಖರ್ಚೂ ಸೇರಿ ಎಂಬುದು ಆ ಪದದ ಅರ್ಥ, ಮನೆಯವರೆಲ್ಲ ಸೇರಿ ಎಂದಲ್ಲ ಎಂದಿತು. ಮಿತಿ ಒಬ್ಬೊಬ್ಬರಿಗೂ ಬೇರೆ. ಆ ಮಿತಿಯೇ 2001ರ ತಿದ್ದುಪಡಿಯಲ್ಲಿ ಹೋಯಿತಾದ್ದರಿಂದ ಮಿತಿಯ ಪ್ರಶ್ನೆಗೆ ಈ ತೀರ್ಪು ಈಗ ಬೇಕಾಗುವುದಿಲ್ಲ. ನನ್ನ ಮಟ್ಟಿಗೆ ಅದರ ಬೆಲೆ ಬೇರೆಯದು: ತಲೆ ಎಣಿಸುವಾಗ ಮಗುವನ್ನೂ ಒಂದು ತಲೆ ಎಂದು ಎಣಿಸಿದ ತೀರ್ಪು ಅದು.

ಹೀಗೆ ಎಣಿಸಿದ್ದರಿಂದ ಏನು ಉಳಿಯುತ್ತದೆ ಎಂಬುದಕ್ಕೆ 1997ರ ಜುಲೈ 29ರ ನೂರ್ ಸಬಾ ಖಾತೂನ್ ತೀರ್ಪಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಬಿಹಾರದ ಪ್ರಕರಣ. ಕೆಳಗಿನ ಕೋರ್ಟು ತಾಯಿಗೆ ತಿಂಗಳಿಗೆ 200 ರೂಪಾಯಿ, ಮೂವರು ಮಕ್ಕಳಿಗೆ ತಲಾ 150 ರೂಪಾಯಿ ಎಂದು ಬೇರೆ ಬೇರೆ ಬರೆದಿತ್ತು. ಆಮೇಲೆ ಗಂಡ ತಲಾಖ್ ಕೊಟ್ಟು, ಆದೇಶ ಬದಲಿಸಿ ಎಂದು ಅರ್ಜಿ ಹಾಕಿದ. ವಿಚ್ಛೇದಿತ ಮುಸ್ಲಿಂ ಮಹಿಳೆಯರ 1986ರ ಕಾಯ್ದೆಯಂತೆ ತಾಯಿಯ ಪಾಲು ಇದ್ದತ್ ಅವಧಿಗೆ ಸೀಮಿತವಾಯಿತು. ಮಕ್ಕಳ ಪಾಲನ್ನು ಅಲ್ಲಿನ ಕೋರ್ಟು ಮುಟ್ಟಲಿಲ್ಲ. ಹೈಕೋರ್ಟು ಮಾತ್ರ ಅದೇ ಕಾಯ್ದೆಯಲ್ಲಿರುವ ‘ಎರಡು ವರ್ಷ’ ಎಂಬ ಮಾತನ್ನು ಹಿಡಿದು, ಮಕ್ಕಳಿಗೂ ಎರಡು ವರ್ಷ ತುಂಬುವ ತನಕ ಮಾತ್ರ ಎಂದುಬಿಟ್ಟಿತು. ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಎರಡು ವರ್ಷದ ಆ ಮಾತು ಮಗುವನ್ನು ಸಾಕುತ್ತಿರುವ ತಾಯಿಗೆ ಸಿಗಬೇಕಾದ ಹಣಕ್ಕೆ ಸಂಬಂಧಿಸಿದ್ದು. ಕಲಂ 125ರಂತೆ ಮಗು ತಾನೇ ಕೇಳುವ ಹಕ್ಕು ಸ್ವತಂತ್ರವಾದದ್ದು, ಪ್ರಾಪ್ತ ವಯಸ್ಸಿನ ತನಕ ನಡೆಯುವಂಥದು ಎಂದಿತು. ಈ ಪ್ರಕರಣವನ್ನು ಸಾಮಾನ್ಯವಾಗಿ ಮುಸ್ಲಿಂ ವೈಯಕ್ತಿಕ ಕಾನೂನಿನ ಅಧ್ಯಾಯದಲ್ಲಿ ಓದುತ್ತಾರೆ. ಅದಕ್ಕಿಂತ ವಿಶಾಲವಾಗಿ ಓದಬೇಕು. ಮೊದಲ ಆದೇಶದಲ್ಲಿ ‘ಎಲ್ಲರಿಗೂ ಸೇರಿ 650’ ಎಂದು ಬರೆದಿದ್ದರೆ ತಲಾಖ್ ಆದ ದಿನ ಅದರಲ್ಲಿ ಮಕ್ಕಳದ್ದೆಷ್ಟು ಎಂದು ಹೇಳಲು ಕಾಗದದ ಮೇಲೆ ಆಧಾರವೇ ಇರುತ್ತಿರಲಿಲ್ಲ.

ಹೆಂಡತಿಯ ವಿರುದ್ಧ ಎತ್ತುವ ತಕರಾರುಗಳೂ ಮಗುವಿಗೆ ತಾಗುವುದಿಲ್ಲ. ‘ಸಕಾರಣವಿಲ್ಲದೆ ಮನೆ ಬಿಟ್ಟು ಹೋಗಿದ್ದಾಳೆ’, ‘ಪರಸ್ಪರ ಒಪ್ಪಿಗೆಯಿಂದ ಬೇರೆ ಇದ್ದೇವೆ’, ‘ನಡತೆ ಸರಿಯಿಲ್ಲ’ ಎಂಬ ಮೂರು ಆಕ್ಷೇಪಣೆಗಳಿಗೂ ಕಾನೂನು ಜಾಗ ಕೊಟ್ಟಿರುವುದು ಹೆಂಡತಿಯ ಮಟ್ಟಿಗೆ ಮಾತ್ರ. ಮದುವೆ ಆಗಿಯೇ ಇಲ್ಲ ಎಂದು ಸಾಧಿಸಿದರೂ ಮಗುವಿನ ಅರ್ಜಿ ನಿಲ್ಲುತ್ತದೆ. ಅನೌರಸ ಮಗು ಎಂಬ ಮಾತು 1898ರಲ್ಲೂ ಇತ್ತು, ಈಗಲೂ ಇದೆ. ಪಿತೃತ್ವವನ್ನೇ ಅಲ್ಲಗಳೆದರೆ ಮಾತ್ರ ಪ್ರಶ್ನೆ ಬೇರೆ ದಾರಿ ಹಿಡಿಯುತ್ತದೆ. ಮದುವೆ ಊರ್ಜಿತವಿದ್ದಾಗ ಹುಟ್ಟಿದ ಮಗು ಗಂಡನದೇ ಎಂಬ ಊಹೆ ಬಲವಾದದ್ದು, ಕೇಳಿದವರಿಗೆಲ್ಲ ಡಿಎನ್‌ಎ ಪರೀಕ್ಷೆಗೆ ಕೋರ್ಟು ಒಪ್ಪುವುದಿಲ್ಲ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ಆದರೆ ಕರ್ನಾಟಕದ ಮಟ್ಟಿಗೆ ಒಂದು ಮಾತು ಸೇರಿಸಲೇಬೇಕು. ದೇವದಾಸಿ ಪದ್ಧತಿಯಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿಗೆ ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಜಾಗವೇ ಮೊದಲ ಅವಮಾನವಾಗಿತ್ತು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತೇ ಹೊರತು ಹುಟ್ಟಿದ ಮಕ್ಕಳು ಯಾರನ್ನು ಏನು ಕೇಳಬಹುದು ಎಂಬುದನ್ನು ಬಿಡಿಸಿ ಹೇಳಲಿಲ್ಲ. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾನೂನು ಆ ಮಕ್ಕಳಿಗೆ ತಂದೆಯನ್ನು ಕಾನೂನಿನ ಮೂಲಕ ಗುರುತಿಸಿಕೊಳ್ಳುವ ದಾರಿ ತೆರೆಯಿತು. ತತ್ವದ ಮಟ್ಟಿಗೆ ಕಲಂ 125 ಆ ಮಗುವಿಗೂ ಮೊದಲಿನಿಂದಲೇ ಅನ್ವಯಿಸುತ್ತಿತ್ತು. ಪೋಟಗಿ ಎಂದರೆ ಮದುವೆಯಾದ ಹೆಂಡತಿಗೆ ಸಿಗುವುದು ಎಂದೇ ಊರು ತಿಳಿದಿದ್ದರೆ, ಮದುವೆಯೇ ಇಲ್ಲದ ತಾಯಿಯ ಮಗು ಕೋರ್ಟಿನ ಮೆಟ್ಟಿಲು ಹತ್ತುವುದಾದರೂ ಹೇಗೆ?

ಮೊತ್ತ ಗೊತ್ತುಮಾಡುವ ಹಂತಕ್ಕೆ ಬರೋಣ. ಸಂಬಳದ ಶೇಕಡಾ ಇಷ್ಟು ಮಗುವಿಗೆ ಎಂಬ ಕೋಷ್ಟಕ ನಮ್ಮ ಕಾನೂನಿನಲ್ಲಿಲ್ಲ. ಆದ್ದರಿಂದ ಎಲ್ಲವೂ ಕೋರ್ಟಿನ ಮುಂದೆ ಇಡುವ ಕಾಗದದ ಮೇಲೆ ನಿಂತಿದೆ. 2020ರ ನವೆಂಬರ್ 4ರಂದು ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಕೊಟ್ಟ ರಜನೀಶ್ ವಿರುದ್ಧ ನೇಹಾ ತೀರ್ಪು ಈ ಕಾಗದಕ್ಕೆ ಒಂದು ರೂಪ ಕೊಟ್ಟಿತು. ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲಗಳನ್ನು ನಿಗದಿತ ನಮೂನೆಯ ಪ್ರಮಾಣ ಪತ್ರದಲ್ಲಿ ಬಿಚ್ಚಿಡಬೇಕು. ಬೇಸಾಯವನ್ನೇ ನಂಬಿದವರಿಗೆ ಬೇರೆ ನಮೂನೆ ಇದೆ. ಇದನ್ನು ವಕೀಲರು ‘ಅಸೆಟ್ಸ್ ಅಫಿಡವಿಟ್’ ಎನ್ನುತ್ತಾರೆ. ಎದುರುದಾರ ಅದನ್ನು ಹಾಕಲು ವಾಯಿದೆಯ ಮೇಲೆ ವಾಯಿದೆ ಕೇಳಿದರೆ, ಸುಳ್ಳು ತುಂಬಿದರೆ ಏನು ಮಾಡಬೇಕೆಂದೂ ಆ ತೀರ್ಪು ಹೇಳಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದೂ ಸ್ಪಷ್ಟಪಡಿಸಿತು. ಮಧ್ಯಂತರ ಅರ್ಜಿಯನ್ನು ನೋಟಿಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂಬುದು 2001ರಿಂದ ಸಂಹಿತೆಯಲ್ಲೇ ಇರುವ ಮಾತು.

ಪೇ ಸ್ಲಿಪ್ ಇಲ್ಲದ ತಂದೆಯ ಆದಾಯ ತೋರಿಸುವುದು ಕಷ್ಟ, ಅಸಾಧ್ಯವಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು. ಹೆಸರಿನಲ್ಲಿರುವ ಟೆಂಪೊ, ಮನೆಯ ಋಣಭಾರ ಪತ್ರ, ಎಪಿಎಂಸಿಯಲ್ಲಿ ಅಡಿಕೆ ಮಾರಿದ ಚೀಟಿ ಎಲ್ಲವೂ ಮಾತಾಡುತ್ತವೆ. ದೈಹಿಕವಾಗಿ ಗಟ್ಟಿಮುಟ್ಟಾಗಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು, ಕೆಲಸವಿಲ್ಲ ಎಂಬ ನೆಪ ಸಾಲದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮತ್ತೆ ಹೇಳಿದೆ.

ತಂದೆಯ ಆದಾಯ ಹುಡುಕುವ ಈ ಓಡಾಟದಲ್ಲಿ ಮಗುವಿನ ಖರ್ಚಿನ ಹಾಳೆಯನ್ನು ಬರೆಯುವುದೇ ಮರೆತುಹೋಗುತ್ತದೆ. ಅರ್ಜಿಯಲ್ಲಿ ‘ಮಗುವಿನ ವಿದ್ಯಾಭ್ಯಾಸ ಮತ್ತು ಇತರೆ ಖರ್ಚಿಗೆ’ ಎಂಬ ಒಂದೇ ಸಾಲು. ಆ ಸಾಲನ್ನು ಬಿಡಿಸಿ ನೋಡೋಣ. ನಾಲ್ಕನೇ ಕ್ಲಾಸಿನ ಒಂದು ಮಗು ಎಂದಿಟ್ಟುಕೊಳ್ಳಿ. ಶಾಲೆಯ ಫೀಸು ವರ್ಷಕ್ಕೆ 24,000, ಅಂದರೆ ತಿಂಗಳಿಗೆ 2,000. ವ್ಯಾನಿಗೆ 900, ಬೇಸಿಗೆ ರಜೆಯಲ್ಲಿ ಅದು ಇಲ್ಲವಾದ್ದರಿಂದ ಹತ್ತು ತಿಂಗಳಿನ 9,000ವನ್ನು ಹನ್ನೆರಡಕ್ಕೆ ಹಂಚಿದರೆ 750. ಯೂನಿಫಾರಂ, ಬೂಟು, ನೋಟ್‌ಬುಕ್, ಬ್ಯಾಗು ಜೂನ್ ತಿಂಗಳೊಂದರಲ್ಲೇ 4,800, ಹಂಚಿದರೆ 400. ಹಾಲು, ಹಣ್ಣು, ಮೊಟ್ಟೆ, ತಿಂಡಿ ಡಬ್ಬಿಗೆ 1,500. ಜ್ವರ, ನೆಗಡಿ, ಹಲ್ಲಿಗೆ 300. ಮನೆಯಲ್ಲಿ ತಾಯಿ ಮಗು ಇಬ್ಬರೇ ಇದ್ದು ಬಾಡಿಗೆ 5,000 ಆದರೆ ಅದರಲ್ಲಿ ಮಗುವಿನ ಪಾಲೂ ಇದೆ; ಅರ್ಧ ಎಂದರೆ 2,500. ಕೂಡಿದರೆ 7,450. ‘ಇತರೆ ಖರ್ಚಿಗೆ’ ಎಂದು ಬರೆದು 3,000 ಕೇಳುವ ತಾಯಿಗೂ ಈ ಮೊತ್ತ ಆಶ್ಚರ್ಯ ಹುಟ್ಟಿಸುತ್ತದೆ. ಬಾಡಿಗೆಯನ್ನು ಬಹುತೇಕ ಯಾರೂ ಮಗುವಿನ ಲೆಕ್ಕಕ್ಕೆ ಹಾಕುವುದಿಲ್ಲ. ಜೂನ್ ತಿಂಗಳ ಖರ್ಚನ್ನು ಜನವರಿಯಲ್ಲಿ ಅರ್ಜಿ ಬರೆಸುವಾಗ ನೆನಪಿಸಿಕೊಳ್ಳುವುದೂ ಇಲ್ಲ. ಪ್ರತಿ ಸಾಲಿಗೂ ಒಂದೊಂದು ರಸೀದಿ ಜೋಡಿಸಿಟ್ಟರೆ ಪಾಟೀ ಸವಾಲಿನಲ್ಲಿ ಈ ಹಾಳೆ ಅಲುಗಾಡುವುದಿಲ್ಲ.

ತಾಯಿ ದುಡಿಯುತ್ತಿದ್ದರೆ? ಆಗ ತಕರಾರಿನಲ್ಲಿ ಮೊದಲ ಪ್ಯಾರಾ ಅದೇ: ‘ಅರ್ಜಿದಾರಳು ಸ್ವತಃ ಸಂಪಾದಿಸುತ್ತಾಳೆ, ಆದ್ದರಿಂದ ಅರ್ಜಿ ವಜಾ ಮಾಡಬೇಕು.’ ಹೆಂಡತಿಯ ಮಟ್ಟಿಗೆ ಅದು ಉತ್ತರವಾಗಬಹುದು. ಮಗುವಿನ ಮಟ್ಟಿಗೆ ಅದು ಲೆಕ್ಕವನ್ನು ಹಂಚುವ ಪ್ರಶ್ನೆ ಅಷ್ಟೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 20 ತಂದೆ ತಾಯಿ ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ. 2000ದ ಪದ್ಮಜಾ ಶರ್ಮಾ ತೀರ್ಪಿನಲ್ಲಿ ತಂದೆ ತಾಯಿ ಇಬ್ಬರೂ ಸಂಬಳದವರು. ಸುಪ್ರೀಂ ಕೋರ್ಟು ಒಂದೊಂದು ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ಮೊದಲು ಗೊತ್ತುಮಾಡಿ, ಆಮೇಲೆ ಇಬ್ಬರ ಆದಾಯ ನೋಡಿ ಎರಡು ಪಾಲು ತಂದೆಗೆ, ಒಂದು ಪಾಲು ತಾಯಿಗೆ ಎಂದು ಹಂಚಿತು. ಈ ಅನುಕ್ರಮವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಎಷ್ಟು ಬೇಕು ಎಂಬುದು ಮೊದಲ ಪ್ರಶ್ನೆ, ಯಾರು ಎಷ್ಟು ಹೊರಬೇಕು ಎಂಬುದು ಎರಡನೆಯದು.

ವಕೀಲರ ಫೀಸಿಗೆ ಹೆದರಿ ಅರ್ಜಿಯನ್ನೇ ಹಾಕದೆ ಕೂತ ತಾಯಂದಿರಿಗೆ ಹೇಳಬೇಕಾದದ್ದು ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಇದೆ. ಮಹಿಳೆ ಅಥವಾ ಮಗು ಎಂಬುದು ಅದರಲ್ಲಿ ಒಂದು ಸಾಲು. ಆದಾಯ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಅಂದರೆ ತಾಯಿಗೆ ಸಂಬಳ ಬರುತ್ತಿದ್ದರೂ ಆಕೆಗೆ ಹಕ್ಕಿದೆ, ಮಗುವಿಗೆ ತನ್ನದೇ ಹಕ್ಕಿದೆ. ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. 15100 ದೂರವಾಣಿಗೂ ಕರೆ ಮಾಡಬಹುದು. ಅರ್ಜಿಯನ್ನು ಗಂಡ ಇರುವ ಊರಿನಲ್ಲೇ ಹಾಕಬೇಕೆಂದಿಲ್ಲ, ತಾಯಿ ಈಗ ನೆಲೆಸಿರುವ ಜಿಲ್ಲೆಯಲ್ಲೂ ಹಾಕಬಹುದು. ತವರಿಗೆ ಬಂದವಳಿಗೆ ಇದು ಸಣ್ಣ ಸಂಗತಿಯಲ್ಲ.

ಈಗ ರಾಜಿಯ ಮಾತು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಒಂದೇ ಗಂಟು ಕೊಟ್ಟು ಕೈತೊಳೆದುಕೊಳ್ಳೋಣ’ ಎಂಬುದು ಮಧ್ಯಸ್ಥಿಕೆಯ ಮೇಜಿನ ಮೇಲೆ ಬೇಗ ಬರುವ ಪ್ರಸ್ತಾಪ. ಒಪ್ಪಂದದ ಪತ್ರದಲ್ಲಿ ‘ಅರ್ಜಿದಾರಳು ತನಗೂ ಮಗುವಿಗೂ ಸಂಬಂಧಿಸಿದಂತೆ ಇನ್ನು ಮುಂದೆ ಯಾವ ಜೀವನಾಂಶವನ್ನೂ ಕೇಳುವುದಿಲ್ಲ’ ಎಂಬ ಸಾಲು ಸೇರಿಕೊಳ್ಳುತ್ತದೆ. ದಣಿದ ತಾಯಿ ಸಹಿ ಹಾಕುತ್ತಾಳೆ. ತನ್ನ ಪಾಲನ್ನು ಆಕೆ ಬಿಟ್ಟುಕೊಡಬಹುದು. ಮಗುವಿನದನ್ನು? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32, ನಿಯಮ 7 ಹೇಳುವುದಿಷ್ಟು: ದಾವೆಯಲ್ಲಿ ಪಕ್ಷಕಾರನಾಗಿರುವ ಅಪ್ರಾಪ್ತನ ಪರವಾಗಿ ಪೋಷಕರು ರಾಜಿ ಮಾಡಿಕೊಳ್ಳಬೇಕಾದರೆ ಕೋರ್ಟಿನ ಅನುಮತಿ ಬೇಕು, ಆ ಅನುಮತಿ ನಡಾವಳಿಯಲ್ಲಿ ಸ್ಪಷ್ಟವಾಗಿ ದಾಖಲಾಗಿರಬೇಕು, ಇಲ್ಲವಾದರೆ ಆ ರಾಜಿಯನ್ನು ಅಪ್ರಾಪ್ತನ ಕಡೆಯಿಂದ ರದ್ದುಪಡಿಸಬಹುದು. ಆದರೆ ಈ ರಕ್ಷಣೆಯ ಬಾಗಿಲು ತೆರೆಯುವುದು ಮಗು ಪಕ್ಷಕಾರನಾಗಿದ್ದರೆ. ಮಗುವಿಗೆ ನಂಬರೇ ಇಲ್ಲದ ಅರ್ಜಿಯಲ್ಲಿ ಆ ರಾಜಿ ಮಗುವಿಗೆ ಹಿತವೇ ಎಂದು ಕೇಳಬೇಕಾದ ಗಳಿಗೆಯೇ ಬರುವುದಿಲ್ಲ. ತಾಯಿ ಬರೆದುಕೊಟ್ಟ ಮಾತ್ರಕ್ಕೆ ಮಗುವಿನ ಹಕ್ಕು ಹೋಗದು ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ, ನಿಜ. ಹಾಗೆ ಹೇಳಿಸಿಕೊಳ್ಳಲು ಇನ್ನೊಂದು ಕೇಸು ಹಾಕಬೇಕು, ಇನ್ನಷ್ಟು ವರ್ಷ ಅಲೆಯಬೇಕು. ಒಂದೇ ಗಂಟು ಅನಿವಾರ್ಯವಾದರೆ ಮಗುವಿನ ಭಾಗವನ್ನು ಬೇರೆ ಮಾಡಿ, ಮಗುವಿನ ಹೆಸರಿನಲ್ಲಿ ಠೇವಣಿ ಇಡಿಸಿ, ಅದನ್ನು ಆದೇಶದಲ್ಲೇ ಬರೆಸುವುದು ಒಳ್ಳೆಯದು.

ಬದಲಾವಣೆಯ ವಿಷಯ ಚಿಕ್ಕದು, ಅದರ ಪೆಟ್ಟು ದೊಡ್ಡದು. ಎಲ್‌ಕೆಜಿಯಲ್ಲಿದ್ದಾಗ ಗೊತ್ತಾದ ಮೊತ್ತ ಎಸ್‌ಎಸ್‌ಎಲ್‌ಸಿ ತನಕ ಹಾಗೇ ನಡೆದುಬರುತ್ತದೆ. ಪರಿಸ್ಥಿತಿ ಬದಲಾದುದನ್ನು ತೋರಿಸಿದರೆ ಹೆಚ್ಚಿಸಲೂ ಇಳಿಸಲೂ ಹಳೆಯ ಕಲಂ 127, ಈಗಿನ ಕಲಂ 146 ಅವಕಾಶ ಕೊಡುತ್ತದೆ. ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಆದ ಆದೇಶವನ್ನೂ ಕೋರ್ಟು ಕಾಲಕಾಲಕ್ಕೆ ಮಾರ್ಪಡಿಸಬಹುದು. ಇದು ತಂದೆಗೂ ತೆರೆದ ಬಾಗಿಲು. ನಿಜವಾಗಿ ಕೆಲಸ ಹೋದವನು, ಕಾಯಿಲೆ ಬಿದ್ದವನು ಕೊಡುವುದನ್ನು ಸುಮ್ಮನೆ ನಿಲ್ಲಿಸಿ ಬಾಕಿ ಬೆಳೆಸಿಕೊಳ್ಳುವ ಬದಲು ಇದೇ ಕಲಮಿನಡಿ ಅರ್ಜಿ ಹಾಕಬೇಕು. ಆದೇಶ ಬದಲಾಗುವ ತನಕ ಹಳೆಯ ಮೊತ್ತ ಬೆಳೆಯುತ್ತಲೇ ಇರುತ್ತದೆ.

ಪ್ರತಿ ಹೆಚ್ಚಳಕ್ಕೂ ಹೊಸ ಅರ್ಜಿ ಹಾಕುವುದಕ್ಕಿಂತ ಮೊದಲ ಆದೇಶದಲ್ಲೇ ಏರಿಕೆಯನ್ನು ಬರೆಸುವುದು ಮೇಲು. ಇದಕ್ಕೆ ಮಾದರಿ ರಜನೀಶ್ ಪ್ರಕರಣದ ಮೂಲ ಆದೇಶದಲ್ಲೇ ಇದೆ. ನಾಗಪುರದ ಕೌಟುಂಬಿಕ ನ್ಯಾಯಾಲಯ ಮಗುವಿಗೆ 2013ರ ಸೆಪ್ಟೆಂಬರಿನಿಂದ ತಿಂಗಳಿಗೆ 5,000, 2015ರ ಸೆಪ್ಟೆಂಬರಿನಿಂದ 10,000 ಎಂದು ಮೆಟ್ಟಿಲು ಕಟ್ಟಿತ್ತು. ತಾಯಿಯ 15,000 ಬೇರೆ. ತೀರ್ಪಿನ ಮಾರ್ಗಸೂಚಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಈ ಮೆಟ್ಟಿಲನ್ನು ಗಮನಿಸಿದವರು ಕಡಿಮೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಬ್ಬ ಪತ್ನಿಯ ಪ್ರಕರಣದಲ್ಲಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯನ್ನು ಆದೇಶದಲ್ಲೇ ಸೇರಿಸಿತು. ವರ್ಷಕ್ಕೊಂದು ಕ್ಲಾಸು ಮೇಲೇರುವ ಮಗುವಿಗೆ ಇಂಥ ಏರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ವಸೂಲಿ. ಅತಿ ಹೆಚ್ಚು ಕಣ್ಣೀರು ಇರುವುದು ಇಲ್ಲಿ. ಆದೇಶ ಆದರೂ ಹಣ ಬಾರದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಕಲಂ 144ರ ಮೂರನೇ ಉಪಕಲಮಿನಂತೆ ಬಾಕಿಯನ್ನು ದಂಡದ ಹಣದ ಹಾಗೆ ವಸೂಲು ಮಾಡಬಹುದು: ಚರ ಸ್ವತ್ತಿನ ಜಪ್ತಿ, ಇಲ್ಲವೇ ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ. ಇದಕ್ಕೆ ಹೊರಡುವ ವಾರಂಟನ್ನು ಕೋರ್ಟಿನ ಮಂದಿ ‘ಎಫ್‌ಎಲ್‌ಡಬ್ಲ್ಯೂ’ ಎನ್ನುತ್ತಾರೆ. ಅದು ಠಾಣೆಗೆ ಹೋಗಿ, ‘ಸದರಿ ಆಸಾಮಿಯ ಹೆಸರಿನಲ್ಲಿ ಯಾವುದೇ ಸ್ವತ್ತು ಇರುವುದಿಲ್ಲ’ ಎಂಬ ಷರಾದೊಂದಿಗೆ ವಾಪಸು ಬರುವುದುಂಟು. ಆಮೇಲೆ ಬಂಧನದ ವಾರಂಟು. ಅದೂ ‘ಆಸಾಮಿ ಊರಿನಲ್ಲಿಲ್ಲ’ ಎಂದು ಬರಬಹುದು. ಹಿಂದೆ ಹೇಳಿದ ಪಹಣಿ, ವಾಹನದ ದಾಖಲೆಗಳನ್ನು ಈ ಹಂತದಲ್ಲಿ ಮೆಮೊ ಮೂಲಕ ಕೋರ್ಟಿನ ಮುಂದಿಟ್ಟರೆ ಮೊದಲ ಷರಾ ನಿಲ್ಲುವುದಿಲ್ಲ.

ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳ ತನಕ ಜೈಲು ವಿಧಿಸಲೂ ಅಧಿಕಾರವಿದೆ. ‘ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ’ ಎಂದು ನಂಬಿದ ಗಂಡಸರಿದ್ದಾರೆ. 1988ರ ಕುಲದೀಪ್ ಕೌರ್ ತೀರ್ಪಿನಂತೆ ಜೈಲು ಹಣ ಕಕ್ಕಿಸುವ ಉಪಾಯ ಮಾತ್ರ, ಹಣ ಕೊಡದೆ ಬಾಕಿ ತೀರುವುದಿಲ್ಲ.

ಇಲ್ಲೊಂದು ಗಡುವಿದೆ. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ಬಾಕಿಗೆ ಈ ವಾರಂಟು ಸಿಗದು. ಮಗುವಿಗೆ ತಿಂಗಳಿಗೆ 3,500. 2023ರ ಜನವರಿಯಿಂದ ಕೊಟ್ಟಿಲ್ಲ. ಅರ್ಜಿ ಹಾಕಿದ್ದು 2025ರ ಜನವರಿ ಮೊದಲ ವಾರ ಎಂದುಕೊಳ್ಳಿ. ಒಟ್ಟು ಬಾಕಿ 24 ತಿಂಗಳಿಗೆ 84,000. ವಾರಂಟಿನ ದಾರಿಯಲ್ಲಿ ಹೆಚ್ಚುಕಡಿಮೆ ಕೊನೆಯ ಹನ್ನೆರಡು ತಿಂಗಳ 42,000 ಮಾತ್ರ ಉಳಿಯುತ್ತದೆ. ಉಳಿದರ್ಧ ಸತ್ತುಹೋಯಿತೆಂದು ಕೈಚೆಲ್ಲಬೇಕಿಲ್ಲ. 2013ರ ಪೂಂಗೋಡಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆ ಗಡುವು ಬಾಕಿಯ ಹಕ್ಕನ್ನು ಅಳಿಸುವುದಿಲ್ಲ, ಜಪ್ತಿ ಬಂಧನದ ಈ ವಿಶೇಷ ದಾರಿಯನ್ನಷ್ಟೇ ಮುಚ್ಚುತ್ತದೆ, ಸಿವಿಲ್ ದಾರಿ ತೆರೆದೇ ಇರುತ್ತದೆ ಎಂದಿದೆ. ಆದರೂ ಹನ್ನೊಂದು ತಿಂಗಳಿಗೊಮ್ಮೆ ಅರ್ಜಿ ಹಾಕುತ್ತಿರುವುದೇ ಕ್ಷೇಮ.

ಸಂಬಳದವನಾದರೆ ಸಿವಿಲ್ ದಾರಿಯೇ ಚುರುಕು ಎಂಬುದು ನನ್ನ ತಿಳಿವಳಿಕೆ. ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯ ಹಾಗೆ ಜಾರಿ ಮಾಡಬಹುದೆಂದು 2020ರ ರಜನೀಶ್ ತೀರ್ಪು ಹೇಳಿದೆ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಯಾರೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಲ್ಲಿ ಅದು ತಿರುಗುಮುರುಗು: ರಕ್ಷಣೆ ಮೂರನೇ ಒಂದು ಭಾಗಕ್ಕೆ ಮಾತ್ರ, ಮೂರನೇ ಎರಡು ಭಾಗದ ತನಕ ಜಪ್ತಿ ಮಾಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಲ್ಲಿ ಅಡಗಿರುವ ಈ ಸಾಲಿನಲ್ಲಿ ಶಾಸಕರ ಅಂತಃಕರಣ ನನಗೆ ಕಾಣುತ್ತದೆ. ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆಯಡಿ ಅರ್ಜಿ ಹಾಕಿದ್ದರೆ ಕಲಂ 20ರ ಆರನೇ ಉಪಕಲಂ ಇನ್ನೂ ನೇರ: ಸಂಬಳ ಕೊಡುವವರೇ ತಿಂಗಳ ಮೊತ್ತವನ್ನು ಮುರಿದು ಆಕೆಗೆ ಕಟ್ಟುವಂತೆ ಕೋರ್ಟು ಹೇಳಬಹುದು.

ಇಷ್ಟೆಲ್ಲ ದಾರಿಯಿದ್ದೂ ನಡೆಯುವವಳು ತಾಯಿ ಒಬ್ಬಳೇ. ವಿಳಾಸ ಹುಡುಕುವುದು, ಬಾಕಿ ಲೆಕ್ಕದ ಮೆಮೊ ಹಾಕುವುದು, ಠಾಣೆಗೆ ಹೋಗಿ ವಾರಂಟು ಏನಾಯಿತೆಂದು ಕೇಳುವುದು ಎಲ್ಲವೂ ಅವಳ ತಲೆಗೆ. ಜರ್ಮನಿಯಲ್ಲಿ 1980ರಿಂದ ಒಂದು ಕಾನೂನಿದೆ. ತಂದೆ ಕೊಡದಿದ್ದರೆ ಸರ್ಕಾರ ಮೊದಲು ಮಗುವಿಗೆ ಒಂದು ನಿಗದಿತ ಮೊತ್ತ ಕೊಟ್ಟುಬಿಡುತ್ತದೆ, ಆಮೇಲೆ ಅವನಿಂದ ವಸೂಲು ಮಾಡುತ್ತದೆ. 2017ರಿಂದ 18 ವರ್ಷ ತುಂಬುವ ತನಕ ಆ ಸೌಲಭ್ಯವಿದೆ. ಭೂಕಂದಾಯದ ಬಾಕಿ ವಸೂಲು ಮಾಡಲು ನೂರಾರು ವರ್ಷ ಪಳಗಿದ ನಮ್ಮ ಕಂದಾಯ ಇಲಾಖೆಗೆ ಆ ಎರಡನೆಯ ಕೆಲಸ ಹೊಸದೇನಲ್ಲ. ಮೊದಲನೆಯದಕ್ಕೆ ಮನಸ್ಸು ಮಾಡಬೇಕು.

ಕೊನೆಯದಾಗಿ, ‘ಮಗು’ ಎಂದರೆ ಎಷ್ಟು ವಯಸ್ಸಿನ ತನಕ? 1898ರ ಕಲಂ 488ರಲ್ಲಿ ಅಪ್ರಾಪ್ತ ಎಂಬ ಪದವೇ ಇರಲಿಲ್ಲ. ಅದನ್ನು ಹಿಡಿದೇ 1969ರಲ್ಲಿ ನಾನಕ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಓದುತ್ತಿರುವ ಪ್ರಾಪ್ತ ಮಗನೂ ತನ್ನನ್ನು ತಾನು ನೋಡಿಕೊಳ್ಳಲಾರದಿದ್ದರೆ ‘ಮಗು’ವೇ ಎಂದಿತ್ತು. 1973ರ ಸಂಹಿತೆ ‘ಅಪ್ರಾಪ್ತ’ ಎಂದು ಸೇರಿಸಿ ಆ ದಾರಿ ಮುಚ್ಚಿತು. ಹೊಸ ಸಂಹಿತೆಯ ಕಲಂ 144ರ ಎರಡನೇ ಖಂಡದಲ್ಲಿ ಆ ಪದ ಮತ್ತೆ ಮಾಯವಾಗಿದೆ. ಹಳೆಯ ಅರ್ಥ ಮರಳಿತೇ? ಹಾಗೆ ಓದಲು ನನಗೂ ಆಸೆ. ಆದರೆ ಮೂರನೇ ಖಂಡ ಪ್ರಾಪ್ತ ಮಕ್ಕಳಿಗೆ ಅಂಗವೈಕಲ್ಯ ಅಥವಾ ಮಾನಸಿಕ ತೊಂದರೆಯ ಷರತ್ತನ್ನು ಉಳಿಸಿಕೊಂಡಿದೆ. ಭಾರತೀಯ ನ್ಯಾಯ ಸಂಹಿತೆ ‘ಮಗು’ ಎಂದರೆ 18 ವರ್ಷದೊಳಗಿನವರು ಎಂದು ವ್ಯಾಖ್ಯಾನಿಸಿದೆ, ಆ ವ್ಯಾಖ್ಯಾನ ಇಲ್ಲಿಗೂ ಬರುತ್ತದೆ. ಆದ್ದರಿಂದ ಪಠ್ಯದ ಬಲದ ಮೇಲೆ ಹಾಗೆ ವಾದಿಸುವುದು ಕಷ್ಟ. ಮದುವೆಯಾಗದ ಮಗಳಿಗೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 20ರಲ್ಲಿ 18ರ ನಂತರವೂ ಆಸರೆ ಇದೆ ಎಂದು 2020ರ ಅಭಿಲಾಷಾ ತೀರ್ಪು ದೃಢಪಡಿಸಿದೆ. ಮಗನಿಗೆ ಅದು ಇಲ್ಲ.

ಹದಿನೆಂಟು ತುಂಬುವುದು ನಮ್ಮಲ್ಲಿ ದ್ವಿತೀಯ ಪಿಯುಸಿಯ ಆಸುಪಾಸಿನಲ್ಲಿ, ಸಿಇಟಿ ಸೀಟಿನ ಫೀಸು ಕಟ್ಟುವ ಹೊತ್ತಿಗೆ. 2021ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠದ ಮುಂದೆ ಕರ್ನಾಟಕದ ಒಂದು ಪ್ರಕರಣ ಬಂತು. ತಂದೆ ರಾಜ್ಯದ ಆರೋಗ್ಯ ಇಲಾಖೆಯ ನೌಕರ. ಕೌಟುಂಬಿಕ ನ್ಯಾಯಾಲಯ 2017ರಲ್ಲಿ ಮಗನಿಗೆ ತಿಂಗಳಿಗೆ 20,000 ಕೊಡಿಸಿತ್ತು. ಕೈಗೆ ಬರುವ ಸಂಬಳ 21,000ದಷ್ಟೇ, ಎರಡನೇ ಮದುವೆಯಿಂದ ಇನ್ನಿಬ್ಬರು ಮಕ್ಕಳಿದ್ದಾರೆ ಎಂದ ತಂದೆ. ಪೀಠ ಮೊತ್ತವನ್ನು 10,000ಕ್ಕೆ ಇಳಿಸಿತು. ಜೊತೆಗೇ, 18 ವರ್ಷ ತುಂಬುವ ತನಕ ಎಂಬುದನ್ನು ಬದಲಿಸಿ, ಮಗ ಮೊದಲ ಪದವಿ ಮುಗಿಸುವ ತನಕ ಎಂದು ಬರೆಯಿತು. ಎರಡನೇ ಅರ್ಜಿದಾರನ ಮುಂದೆ ಈಗ ಮೊತ್ತದ ಜೊತೆ ಒಂದು ಅವಧಿಯೂ ಇದೆ: ಕಾಲೇಜಿನ ಕೊನೆಯ ಸೆಮಿಸ್ಟರಿನ ತನಕ.